ಪುಟ ನಲವತ್ತೊಂದು

ನುಣುಪು ಕಾಗದಕ್ಕ ಎಣ್ಣಿ ಹತ್ತೂದಿಲ್ಲ,
ಅದಕ್ಕ ಮಿರ್ಚಿ ಭಜಿ ಬಂಡಿಯವರು ಒಯ್ಯೂದಿಲ್ಲ,
ಅದಕ್ಕ ನಮಗ ಸಸ್ತಾ.
ಬೀದರಿನ ಚೌಬಾರಾದ ಹಿಂದ ಘಾಳೆಪ್ಪನ ರದ್ದಿ ಅಂಗಡಿ,
ತಕ್ಕಡಿಯ ಒಂದು ಕಡೆ ಕಿಲೋದ ಕಲ್ಲು,
ಇನ್ನೊಂದು ಕಡೆ ರಿಮೋಟ್ ಕಾರಿನ ಐದು ಮಾಸಿಕ.
ನಾಲ್ಕು ರೂಪಾಯಿ.
"ಓದ್ರಿ, ಓದಿ ಡ್ರೈವರ್ ಆಗ್ರಿ" ಅಂತ ನಗತಿದ್ದ.

ಏರ್‌ಫೋರ್ಸ್ ಕ್ವಾರ್ಟರ್ಸಿನಿಂದ ಬಂದವು ಅವು.
ಯಾರೋ ಬದಲಿಯಾಗಿ ಹೋಗುವಾಗ
ಗಾದಿ, ಕುಕ್ಕರು, ಮಗುವಿನ ಮೂರು ಗಾಲಿ ಸೈಕಲ್ಲು
ಎಲ್ಲ ಲಾರಿಗೆ ಏರಿಸಿ
ಇವನ್ನಷ್ಟ ಬಿಟ್ಟಿದ್ದರು.

ನಾನು, ಮುಬೀನ, ಇಬ್ಬರೂ ಆರನೇ ಇಯತ್ತೆ.
ಎ ಬಿ ಸಿ ಡಿ ಮುಗಿದು ಒಂದು ವರ್ಷ.
ಹಂಗಾಗಿ ಚಿತ್ರಾನೇ ಓದತಿದ್ವಿ:
ಕಾರು ನೆಲ ಬಿಟ್ಟು ಮ್ಯಾಲ,
ನಾಲ್ಕೂ ಗಾಲಿ ಜೋತು ಬಿದ್ದಾವ,
ಹಿಂದ ಕೆಂಪು ಧೂಳು ಎದ್ದಲ್ಲೇ ನಿಂತದ.
"ಇದು ನಮ್ಮ ಮಣ್ಣು, ಫತೇ ದರವಾಜಾದ ಹೊರಗಿಂದು" ಅಂದೆ.
ಮುಬೀನನ ಅಬ್ಬಾ ಬಿದ್ರಿ ಕೆಲಸದವರು,
ಕೋಟೆಯ ಮಣ್ಣು ನಾಲಿಗಿಗೆ ಹಚ್ಚಿ
ಕಪ್ಪು ಏರತದೋ ಇಲ್ಲೋ ಹೇಳೋರು.
ಮುಬೀನ ಫೋಟೋಕ್ಕ ನಾಲಿಗಿ ಹಚ್ಚಿದ,
ಕಣ್ಣು ಮುಚ್ಚಿದ,
"ನಮ್ಮದಲ್ಲ" ಅಂದ.

ಅಕ್ಕನ ಡಿಕ್ಷನರಿ ಹೊಲಿಗಿ ಬಿಚ್ಚೂತನಕ ತಿರುವಿದ್ವಿ.
ಶಾಕ್ ಅಬ್ಸಾರ್ಬರ್, ಡಿಫರೆನ್ಷಿಯಲ್, ಸರ್ವೋ.
ಕಡೀದು ಅದರಾಗ ಇರಲೇ ಇಲ್ಲ.
ಹದಿನೇಳರ ಮಗ್ಗಿ ಬರದಿದ್ದರೂ
ಗೇರಿನ ಹಲ್ಲುಗಳ ಲೆಕ್ಕ ಬಾಯಿಪಾಠ.
ಬೆಲೆ ಡಾಲರಿನಾಗ ಇತ್ತು. ಒಮ್ಮೆ ಗುಣಿಸಿ ನೋಡಿದ್ವಿ:
ಅಬ್ಬಾ ನಾಲ್ಕು ತಿಂಗಳು ಕೆತ್ತೋ ಹೂಜಿಗಳು.
ಮತ್ತ ಗುಣಿಸಲಿಲ್ಲ.

ಆಮ್ಯಾಲ ನಾವೂ ಒಂದು ಮಾಡಿದ್ವಿ.
ಟೇಪ್ ರೆಕಾರ್ಡರಿನ ಮೋಟಾರು, ಹವಾಯಿ ಚಪ್ಪಲಿಯ ಗಾಲಿ.
ರಿಮೋಟು ಅಂದರ ಎರಡು ವೈರು, ಕೈಯಾಗ ಸೆಲ್ಲು,
ಕಾರು ಓಡಿದರ ಹಿಂದ ನಾವೂ ಓಡಬೇಕು.
ಮೈ ಮಾತ್ರ ಅಸಲಿ: ಅಬ್ಬಾನ ಮೂಸಿಯಾಗ ಉಳಿದ ಜಸ್ತ
ಮರಳಿನ ಅಚ್ಚಿಗೆ ಹೊಯ್ದದ್ದು,
ಬಾಗಿಲ ಮ್ಯಾಲ ಬೆಳ್ಳಿ ತಂತಿಯ ಏಳು ನಂಬರು.
ಮುಕ್ಕಾಲು ಕಿಲೋ ತೂಗತಿತ್ತು.
ಮೂರು ಗೇಣು ಹೋತು,
ಸುಟ್ಟ ವಾಸನಿ ಬಂತು, ನಿಂತಿತು.

ಪುಟ ನಲವತ್ತೊಂದರಾಗ ಇದಕ್ಕ ಉತ್ತರ ಇತ್ತು.
"ಮೋಟಾರು ಕಾದರೆ" ಅಂತ ಶುರುವಾಗಿ
ಅಲ್ಲಿಗೆ ಚೌಕ ತೂತು.
ಹಿಂಬದಿಯ ಕೂಪನ್ನು ಯಾರೋ
ಪಟ್ಟಿ ಇಟ್ಟು, ಬ್ಲೇಡು ಹಿಡಿದು ಕೊಯ್ದುಕೊಂಡಿದ್ದರು.
ಹರಿದದ್ದಲ್ಲ. ಆ ನೆಟ್ಟನ ಅಂಚು ನೋಡಿದರ
ಹೊಟ್ಟಿ ಉರೀತಿತ್ತು:
ರೊಕ್ಕ ಕಳಿಸೋರು,
ಕಳಿಸಿದರ ಬರತದ ಅಂತ ನಂಬಿದೋರು.

ಮುಬೀನ ತೂತಿನಾಗ ಬೆರಳು ಆಡಿಸಿ
ದಿನಕ್ಕೊಂದು ಓದತಿದ್ದ.
ಮೋಟಾರು ಕಾದರೆ ಊದಬೇಕು.
ಮೋಟಾರು ಕಾದರೆ ಬಿಸ್ಮಿಲ್ಲಾ ಅನಬೇಕು.
ಮೋಟಾರು ಕಾದರೆ ಸುರಂಗ ಬಾವಿಯ ನೀರಾಗ ಅದ್ದಬೇಕು.
ಅದ್ದಿದ್ವಿ.
ತಲಿ ಮ್ಯಾಲ ಹಾರಲಿಕ್ಕೆ ಕಲಿಯೋರ ವಿಮಾನ
ಗುಂಯ್‌ಗುಡತಾ ಸುತ್ತತಿದ್ದವು,
ಕೆಳಗ ನಮ್ಮದು ಸತ್ತಿತ್ತು.

ಹೋದ ರವಿವಾರ ಹೈದರಾಬಾದಿನ ಆಬಿಡ್ಸ್ ಫುಟ್‌ಪಾಥಿನಾಗ
ಅದೇ ಸಂಚಿಕೆ. ಮುಖಪುಟಕ್ಕ ಅದೇ ಹಳದಿ ಕಾರು.
ನೂರಾ ಇಪ್ಪತ್ತು ಅಂದ, ಚೌಕಾಶಿ ಮಾಡಲಿಲ್ಲ.
ಬಿಸಿಲಾಗ ನಿಂತೇ ತಿರುವಿದೆ. ತೂತಿಲ್ಲ.
ಮೋಟಾರು ಕಾದರೆ ಹದಿನೈದು ನಿಮಿಷ ಬಿಡಿ.
ಅಷ್ಟ.

ಫೋನ್ ಹಚ್ಚಿದೆ. ಆ ಕಡೆ ಉಳಿಯ ಟಕ್ ಟಕ್ ನಿಂತಿತು.
"ಹದಿನೈದು ನಿಮಿಷ?" ಮುಬೀನ ನಕ್ಕ,
"ಅಷ್ಟೊತ್ತು ಯಾರು ಕೂಡತಿದ್ರೋ!"
ಕಾರು ಇನ್ನೂ ಅದ ಅಂದ,
ಜಿಎಸ್‌ಟಿ ಬಿಲ್ಲುಗಳ ಮ್ಯಾಲ ಇಟ್ಟೀನಿ,
ಫ್ಯಾನಿನ ಗಾಳಿಗೆ ಹಾರಬಾರದು ಅಂತ.

ರಾತ್ರಿ ಟ್ರಂಕಿನಿಂದ ಹಳೇದು ತಗದು
ಹೊಸದರ ಮ್ಯಾಲ ಇಟ್ಟೆ, ಅಂಚಿಗೆ ಅಂಚು.
ತೂತಿನೊಳಗಿಂದ ಖಾಲಿ ಕೂಪನ್ನು ಮ್ಯಾಲ ನೋಡತಿತ್ತು:
ಹೆಸರು, ಚುಕ್ಕಿ ಚುಕ್ಕಿ. ಊರು, ಚುಕ್ಕಿ ಚುಕ್ಕಿ.
ಪೆನ್ಸಿಲ್ಲಿನಿಂದ ಮುಬೀನನ ಹೆಸರು ಬರೆದೆ.
ಬೀದರ ಅಂತ ಬರೆದೆ.
ಪಿನ್ ಕೋಡಿಗೆ ಐದೇ ಮನಿ ಇದ್ದವು.
ಕ್ವಾರ್ಟರ್ಸಿನ ಆ ಮನುಷ್ಯ
ಆರನೇದು ಎಲ್ಲಿ ಬರೆದನೋ.